ಇನ್ನೊಂದು ಕಾಲು ಸುತ್ತು

ಫೆಬ್ರವರಿ 1, ಭಾನುವಾರ

ಅಂತೂ ಟೆಲಿಸ್ಕೋಪು ಇವತ್ತಿಗೆ ಮುಗಿಯಿತು. ಕೊಳವೆ, ಕಾಲು, ನಕ್ಷತ್ರದ ಹಿಂದೆ ತಿರುಗುವ ಮೋಟಾರು, ಕ್ಯಾಮೆರಾ ಕೂರಿಸುವ ಜಾಗ, ಎಲ್ಲ ನನ್ನ ಕೈಯದು. ಒಳಗಿನ ಎಂಟು ಅಂಗುಲದ ಕನ್ನಡಿ ಮಾತ್ರ ನನ್ನ ಹೆಂಡತಿಯ ಅಪ್ಪನದು. ಕನ್ನಡಕದ ಗಾಜು ಉಜ್ಜಿ ನಲವತ್ತು ವರ್ಷ ಬದುಕು ಮಾಡಿದ ಮನುಷ್ಯ. ನಮ್ಮ ಮನೆಗೆ ಬಂದು ಒಂಬತ್ತು ತಿಂಗಳಾಯಿತು. ಒಂಬತ್ತು ತಿಂಗಳೂ ಬಾಲ್ಕನಿಯಲ್ಲಿ ಒಂದು ಗಾಜಿನ ಬಿಲ್ಲೆಯ ಸುತ್ತ ಪ್ರದಕ್ಷಿಣೆ ಹಾಕುತ್ತಾ ಅದನ್ನು ಉಜ್ಜಿದ್ದಾರೆ. ಬಟ್ಟೆ ಒಣಹಾಕಲು ಜಾಗವಿಲ್ಲದೆ ನನ್ನ ಅಂಗಿಗಳೆಲ್ಲ ಬಚ್ಚಲಲ್ಲೇ ಒಣಗಿ ಒಂದು ಥರ ವಾಸನೆ ಹಿಡಿದಿವೆ. ನಾನು ತುಟಿ ಪಿಟಕ್ ಅಂದಿಲ್ಲ.

ಮೊನ್ನೆ ಕಾರ್ಖಾನೆಯಿಂದ ಲೇಪನ ಮಾಡಿಸಿಕೊಂಡು ಬಂದ ಕನ್ನಡಿಯನ್ನು ಅವರು ಮಗುವನ್ನು ಕೊಡುವ ಹಾಗೆ ನನ್ನ ಕೈಗೆ ಕೊಟ್ಟರು. ಕೊಳವೆಯ ತಳದಲ್ಲಿ ಅದಕ್ಕೊಂದು ಲೋಹದ ಪೀಠ, ಅಂಚಿನಲ್ಲಿ ಗಾಜನ್ನು ಕಚ್ಚಿ ಹಿಡಿಯಲು ಮೂರು ಹಿಡಿಕೆ, ಒಂದೊಂದಕ್ಕೆ ಒಂದೊಂದು ಸ್ಕ್ರೂ.

"ಬಿಗಿಯೋ ಕೆಲಸ ನಿಮ್ದು ಅಳಿಯಂದ್ರೇ. ಹದಿನೆಂಟು ವರ್ಷದಲ್ಲಿ ನಿಮ್ಮ ಕೈಯಲ್ಲಿ ಒಂದು ಲಿಫ್ಟೂ ಕೆಟ್ಟು ನಿಂತಿಲ್ಲವಂತೆ. ನಾನು ನೋಡೋದೂ ಇಲ್ಲ" ಎಂದರು.

ಅದು ನಿಜ. ಲಿಫ್ಟ್ ಮೆಕ್ಯಾನಿಕ್ಕಿಗೆ ಇರಬೇಕಾದ ಗುಣ ಒಂದೇ. ಬಿಗಿಯಾಯಿತು ಅನ್ನಿಸಿದ ಮೇಲೆ ಇನ್ನೊಂದು ಕಾಲು ಸುತ್ತು. ಆಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಕೆಂಪು ಬಣ್ಣದ ಒಂದು ಗೆರೆ. ಸ್ಕ್ರೂ ಕೂದಲೆಳೆಯಷ್ಟು ಅಲ್ಲಾಡಿದರೂ ಗೆರೆ ಮುರಿದು ದೂರಕ್ಕೇ ಕಾಣುತ್ತದೆ. ಕನ್ನಡಿಯ ಮೂರು ಸ್ಕ್ರೂಗಳಿಗೂ ಹಾಗೇ ಮಾಡಿದೆ. ಕಚೇರಿಯಲ್ಲಿ ನನಗೆ ‘ಕಾಲುಸುತ್ತು’ ಎಂದು ಅಡ್ಡಹೆಸರಿದೆ ಎಂದು ಗೊತ್ತು. ಎದುರಿಗೆ ಕರೆಯುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

"ಅಪ್ಪನಿಗೆ ಚೆನ್ನಾಗಿದೆ ಅಂತ ಒಂದು ಮಾತು ಹೇಳಬಾರದೇನ್ರೀ?" ಎಂದಳು ಇವಳು, ಒಳಗೆ ಬಂದ ಮೇಲೆ.

ನಕ್ಷತ್ರ ನೋಡಿ ಹೇಳೋಣ ಎಂದೆ. ನೋಡದೆ ಸರ್ಟಿಫಿಕೇಟು ಕೊಟ್ಟು ನನಗೆ ಅಭ್ಯಾಸವಿಲ್ಲ.

ಫೆಬ್ರವರಿ 2, ಸೋಮವಾರ

ಸಂಜೆ ಏಳೂವರೆಗೆ ತಾರಸಿ. ನಮ್ಮದು ಐದನೇ ಮಹಡಿ, ಮೇಲೆ ಒಂದೇ ಮೆಟ್ಟಿಲುಸಾಲು. ಮೊದಲ ಚಿತ್ರಕ್ಕೆ ಕೃತ್ತಿಕೆಯ ಗುಂಪನ್ನು ಆರಿಸಿಕೊಂಡೆ. ಇಬ್ಬನಿ ಬೀಳದಿರಲಿ ಎಂದು ಕೊಳವೆಯ ಮೇಲೆ ಕೊಡೆ ಹಿಡಿದು ನಿಂತಿದ್ದೆ.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ" ಎಂದಳು.

"ಅರ್ಧರಾತ್ರಿಗೆ ಇನ್ನೂ ನಾಲ್ಕೂವರೆ ಗಂಟೆ ಇದೆ" ಎಂದೆ.

ಚಿತ್ರ ಬಂತು. ದೊಡ್ಡದು ಮಾಡಿ ನೋಡಿದರೆ ಒಂದು ನಕ್ಷತ್ರವೂ ಗುಂಡಗಿಲ್ಲ. ಎಲ್ಲಕ್ಕೂ ಮೂರು ಮೂಲೆ. ಸಣ್ಣದಕ್ಕೆ ಸಣ್ಣ ಮೂಲೆ, ದೊಡ್ಡದಕ್ಕೆ ದೊಡ್ಡ ಮೂಲೆ. ಇವಳು ನನ್ನ ಭುಜದ ಮೇಲಿಂದ ಬಗ್ಗಿ, "ದರ್ಜಿ ಅಂಗಡೀಲಿ ಕಸ ಗುಡಿಸಿದ ಹಾಗಿದೆಯಲ್ಲ ರೀ" ಎಂದು ನಕ್ಕಳು. ಅವಳ ಅಪ್ಪ ನಗಲಿಲ್ಲ. ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು ನೋಡಿದರು.

"ಮೂರು ಮೂಲೆ" ಎಂದರು. ಅಷ್ಟೇ.

ಫೆಬ್ರವರಿ 5, ಗುರುವಾರ

ಲಿಫ್ಟಿನಲ್ಲಿ ಸದ್ದು ಬಂದರೆ ಹೇಗೆ ಒಂದು ತುದಿಯಿಂದ ಹುಡುಕುತ್ತೇವೋ ಹಾಗೇ ಹುಡುಕುತ್ತಿದ್ದೇನೆ. ಮೋಟಾರಿನ ತಪ್ಪಾಗಿದ್ದರೆ ನಕ್ಷತ್ರ ಗೆರೆಯಾಗಿ ಎಳೆದುಕೊಳ್ಳಬೇಕಿತ್ತು, ಮೂಲೆ ಬರುವುದಿಲ್ಲ. ಕ್ಯಾಮೆರಾವನ್ನು ಇದ್ದಲ್ಲೇ ತಿರುಗಿಸಿ ಇನ್ನೊಂದು ಚಿತ್ರ ತೆಗೆದೆ. ಚಿತ್ರದಲ್ಲಿ ತ್ರಿಕೋನವೂ ತಿರುಗಿತು. ಕ್ಯಾಮೆರಾದ್ದೇ ದೋಷವಾಗಿದ್ದರೆ ಅದು ಅಲ್ಲಾಡಬಾರದಿತ್ತು. ಅಂದರೆ ಕಳ್ಳ ಕೊಳವೆಯೊಳಗೇ ಇದ್ದಾನೆ. ಕೊಳವೆಯ ಬಾಯಿಯ ಹತ್ತಿರ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕ ಕನ್ನಡಿಯೊಂದಿದೆ. ಅದನ್ನು ಬಿಚ್ಚಿ, ಒರೆಸಿ, ನೇರ ಮಾಡಿ ಕೂರಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ತಳಕ್ಕೆ ಟಾರ್ಚು ಬಿಟ್ಟು ದೊಡ್ಡ ಕನ್ನಡಿಯ ಮೂರು ಸ್ಕ್ರೂ ನೋಡಿದೆ. ಮೂರೂ ಕೆಂಪು ಗೆರೆ ಹಾಕಿದ ಹಾಗೇ ಇವೆ. ಅಲ್ಲಿಗೆ ಆ ಭಾಗ ಸರಿ.

ಇವಳ ಅಪ್ಪ ಎರಡು ಸಲ ಬಾಗಿಲ ಹತ್ತಿರ ಬಂದು, "ಗೊತ್ತಾಯ್ತಾ?" ಎಂದು ಕೇಳಿ ಹೋದರು. ಗೊತ್ತಾದರೆ ಹೇಳುವುದಿಲ್ಲವೇ ನಾನು!

ಫೆಬ್ರವರಿ 6, ಶುಕ್ರವಾರ

ಮೋಡ. ಏನೂ ಇಲ್ಲ.

ಫೆಬ್ರವರಿ 8, ಭಾನುವಾರ

ನಕ್ಷತ್ರಕ್ಕೆ ಕಾಯುವುದೇ ಬೇಡವೆಂದು ಹಗಲಲ್ಲೇ ಒಂದನ್ನು ಹುಟ್ಟಿಸಿದೆವು. ಉಪಾಯ ಇವಳ ಅಪ್ಪನದು ಎಂಬುದನ್ನು ಒಪ್ಪಿಕೊಳ್ಳಬೇಕು. ಉಕ್ಕಿನ ಬೇರಿಂಗ್ ಗುಂಡೊಂದನ್ನು ಬಿಸಿಲಲ್ಲಿಟ್ಟರೆ ಅದರ ಮೇಲೆ ಸೂರ್ಯ ಒಂದು ಸೂಜಿಮೊನೆಯಷ್ಟು ಹೊಳೆಯುತ್ತಾನೆ. ದೂರದಿಂದ ಅದೇ ನಕ್ಷತ್ರ. ಎದುರು ಕಟ್ಟಡದ ಲಿಫ್ಟು ನನ್ನ ಉಸ್ತುವಾರಿಯದೇ ಆದ್ದರಿಂದ ತಾರಸಿ ಕೀಲಿ ನನ್ನಲ್ಲಿದೆ. ಹೋಗಿ ನೀರಿನ ಟ್ಯಾಂಕಿನ ಮೇಲೆ ಕಪ್ಪು ಬಟ್ಟೆ ಹಾಸಿ ಗುಂಡನ್ನು ಮೇಣದಲ್ಲಿ ಅಂಟಿಸಿ ಬಂದೆ. ಅಷ್ಟರಲ್ಲಿ ಅವರು ಕುರ್ಚಿ, ನೀರು, ಟೋಪಿ ಎಲ್ಲ ಹೊತ್ತು ತಂದು ಸಿನಿಮಾಕ್ಕೆ ಬಂದವರ ಹಾಗೆ ಕೂತಿದ್ದರು.

ಕ್ಯಾಮೆರಾ ತೆಗೆದು ಕಣ್ಣಿಟ್ಟೆ. ಮೂರು ಮೂಲೆ. ಬೇರಿಂಗ್ ಗುಂಡು ಆಕಾಶದಲ್ಲಿ ಓಡುವುದಿಲ್ಲ, ಮೋಟಾರು ನಿಂತಿದೆ, ಗಾಳಿಯೂ ಇಲ್ಲ. ಇನ್ನು ಉಳಿದಿದ್ದು ಏನು?

ಅವರೂ ನೋಡಿದರು. ಅಂಗಿಯ ಚುಂಗಿನಿಂದ ಗಾಜು ಒರೆಸಿ ಇನ್ನೊಮ್ಮೆ ನೋಡಿದರು. ಆಮೇಲೆ ಬಲಗೈಯನ್ನು ಜೇಬಿಗಿಟ್ಟುಕೊಂಡು ಕೂತರು. ಏಳುವಾಗಲೂ ಕೈ ತೆಗೆಯಲಿಲ್ಲ, ಎಡಗೈಯೊಂದನ್ನೇ ಊರಿ ಏಳಲು ಎರಡು ಸಲ ಪ್ರಯತ್ನಪಟ್ಟರು. ಆ ಕೈ ಒಂದೆರಡು ತಿಂಗಳಿಂದ ಸ್ವಲ್ಪ ನಡುಗುತ್ತದೆ ಎಂದು ಇವಳು ಆಮೇಲೆ ಹೇಳಿದಳು. ಒಂದೇ ಮನೆಯಲ್ಲಿದ್ದು ನಾನು ಗಮನಿಸಿರಲಿಲ್ಲ.

ಸಂಜೆ ನಮ್ಮ ಖಗೋಳ ಸಂಘದ ವಾಟ್ಸಾಪ್ ಗುಂಪಿಗೆ ಬರೆದೆ: ‘ಎಲ್ಲ ಪರೀಕ್ಷೆ ಮಾಡಿಯಾಯಿತು. ಕನ್ನಡಿ ಕೈಯಲ್ಲಿ ಉಜ್ಜಿದ್ದು. ದೋಷ ಅದರದ್ದೇ.’ ಹನ್ನೊಂದು ಜನ ಅಳುವ ಮುಖ ಕಳಿಸಿದರು. ಒಬ್ಬರು ಕಾರ್ಖಾನೆಯ ಸಿದ್ಧ ಕನ್ನಡಿ ಎಲ್ಲಿ ಸಿಗುತ್ತದೆ ಎಂದು ತಿಳಿಸಿದರು. ತೆರೆದು ನೋಡಿದೆ. ನೋಡಿದರೆ ತಪ್ಪೇನು.

ಫೆಬ್ರವರಿ 10, ಮಂಗಳವಾರ

ತಪ್ಪು ಗುಂಪಿಗೆ ಬರೆದಿದ್ದರಲ್ಲೇ ಇತ್ತು. ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಸಂಘದ ಕಾರ್ಯದರ್ಶಿ, ಭೂಗೋಳ ಪಾಠ ಮಾಡುವ ಟೀಚರಮ್ಮ, ಫೋನು ಮಾಡಿದ್ದಾರೆ. ಎತ್ತಿದ್ದು ಇವಳ ಅಪ್ಪ.

"ಕನ್ನಡಿ ಕೆಟ್ಟಿದೆಯಂತಲ್ಲ, ಪಾಪ. ಯಾರ ಹತ್ರ ಉಜ್ಜಿಸಿದ್ರಿ?" ಎಂದು ಆಕೆ ಕೇಳಿದರಂತೆ.

"ಯಾರೋ ಒಬ್ಬ ಮುದುಕ. ಕೈ ನಡುಗುತ್ತೆ ಅವನಿಗೆ" ಎಂದರಂತೆ ಇವರು.

ಇದನ್ನು ಅವರೇ ನನಗೆ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಒದ್ದೆ ತಲೆಯಲ್ಲಿ ನಿಂತು ಏನೋ ತೊದಲಿದೆ. ರಾತ್ರಿ ಊಟಕ್ಕೆ ಕೂತಾಗ ಇವಳು ನೀರಿನ ಲೋಟ ಕುಕ್ಕಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು. ನಾನು ಅನ್ನಕ್ಕೆ ಸಾರು ಹಾಕಿಕೊಂಡೆ. ಅವರು ಎಡಗೈಯಲ್ಲಿ ಚಮಚ ಹಿಡಿದು ಊಟ ಮುಗಿಸಿದರು.

ಫೆಬ್ರವರಿ 13, ಶುಕ್ರವಾರ

ಮಾವ ತೀರ್ಮಾನ ಮಾಡಿಬಿಟ್ಟಿದ್ದಾರೆ. ಇಪ್ಪತ್ತೆರಡನೇ ತಾರೀಖು ಭಾನುವಾರ ಕನ್ನಡಿಯನ್ನು ಹೊರಗೆ ತೆಗೆದು, ಲೇಪನವನ್ನು ಆಸಿಡ್ಡಿನಲ್ಲಿ ಕರಗಿಸಿ, ಮತ್ತೆ ಮೊದಲಿಂದ ಉಜ್ಜುತ್ತಾರಂತೆ. ಉಜ್ಜುವ ಪುಡಿಗೆ ಹೇಳಿಯೂ ಆಗಿದೆ.

"ಇದು ನನ್ನ ಕೊನೇ ಕನ್ನಡಿ ಅಳಿಯಂದ್ರೇ. ಮೂರು ಮೂಲೆ ಬಿಟ್ಟು ಹೋಗೋಕಾಗಲ್ಲ" ಎಂದರು.

ಅಡುಗೆಮನೆಯಲ್ಲಿ ಇವಳು ದನಿ ತಗ್ಗಿಸಿ ನನ್ನನ್ನು ಹಿಡಿದುಕೊಂಡಳು. "ಆ ಕೈಯಲ್ಲಿ ಈಗ ಉಜ್ಜಿದ್ರೆ ಇರೋದೂ ಹಾಳಾಗುತ್ತೆ. ಹಾಳಾದ್ರೆ ಅಪ್ಪ ಇನ್ನು ಗಾಜು ಮುಟ್ಟಲ್ಲ. ಗಾಜು ಬಿಟ್ಟು ಅವರಿಗೆ ಬೇರೆ ಏನು ಗೊತ್ತು ಹೇಳಿ? ಬೆಳಿಗ್ಗೆಯಿಂದ ಸಂಜೆ ತನಕ ಗೋಡೆ ನೋಡ್ಕೊಂಡು ಕೂತಿರ್ತಾರಾ?"

ನಾನೇನು ಮಾಡಲಿ ಎಂದೆ.

"ಹುಡುಕಿ" ಎಂದಳು. "ಅಪ್ಪನ ಗಾಜು ನನಗೆ ಗೊತ್ತು. ಅದು ಸುಳ್ಳು ಹೇಳಲ್ಲ."

ಫೆಬ್ರವರಿ 15, ಭಾನುವಾರ

ಬೆಳಿಗ್ಗೆಯಿಂದ ಎರಡರವರೆಗೆ ತಾರಸಿ. ಮತ್ತೆ ಎಲ್ಲ ಬಿಚ್ಚಿದೆ, ಎಲ್ಲ ಕೂರಿಸಿದೆ. ಕೊಳವೆ ಬಿಸಿಯಾಗಿರಬಹುದೆಂದು ಒಂದು ಗಂಟೆ ನೆರಳಲ್ಲಿಟ್ಟೆ. ಕ್ಯಾಮೆರಾದ ವಯರು ಎಳೆಯುತ್ತಿದೆಯೋ ಎಂದು ಅದನ್ನೂ ಕಟ್ಟಿದೆ. ಚಿಕ್ಕ ಕನ್ನಡಿಯ ಅಂಟು ಬಿಗಿದುಕೊಂಡಿದೆಯೋ ಎಂದು ಕಿತ್ತು ಹೊಸದಾಗಿ ಅಂಟಿಸಿದೆ. ದೊಡ್ಡ ಕನ್ನಡಿಯ ಕೆಂಪು ಗೆರೆಗಳನ್ನು ಮೂರು ಸಲ ನೋಡಿದೆ. ಅಲ್ಲಾಡಿಲ್ಲ. ಈ ಮನೆಯಲ್ಲಿ ಅಲ್ಲಾಡದೆ ಇರುವುದು ಅವು ಮಾತ್ರ.

ಮಾವ ಮೇಲೆ ಬರಲಿಲ್ಲ. ಕುರ್ಚಿ ಖಾಲಿ ಇತ್ತು. ನಡುವೆ ಒಮ್ಮೆ ಅದರಲ್ಲಿ ಕೂತೆ, ಬಿಸಿಲು ಜೋರಾಗಿತ್ತು, ಎದ್ದುಬಿಟ್ಟೆ.

ಫೆಬ್ರವರಿ 17, ಮಂಗಳವಾರ

ಇವತ್ತಿನದನ್ನು ಬಿಡಿಸಿ ಬರೆಯಬೇಕು.

ನನ್ನದು ಅಂಚಿಲ್ಲದ ಕನ್ನಡಕ. ಎರಡು ಗಾಜಿಗೂ ತೂತು ಕೊರೆದು ಕಡ್ಡಿಯನ್ನು ಸ್ಕ್ರೂ ಹಾಕಿ ಹಿಡಿಸಿರುತ್ತಾರೆ. ನಿನ್ನೆ ಒಂದು ಕಡ್ಡಿ ಸಡಿಲವಾಗಿ ಲಟಲಟ ಅನ್ನುತ್ತಿತ್ತು, ಕೆಲಸದ ನಡುವೆ ನಾನೇ ಬಿಗಿಮಾಡಿಕೊಂಡಿದ್ದೆ. ಇವತ್ತು ಹನ್ನೆರಡು ಗಂಟೆಗೆ ಲಿಫ್ಟಿನ ತಳದ ಹಳ್ಳಕ್ಕಿಳಿದು ನೋಡುತ್ತಿದ್ದಾಗ ಕಣ್ಣ ಮುಂದೆ ಒಂದು ಬಿರುಕು ಹರಿಯಿತು. ಲಿಫ್ಟಿನದೆಂದು ಹೆದರಿಬಿಟ್ಟೆ. ಅದು ನನ್ನ ಗಾಜಿನದು.

ಇವಳು ಕೆಲಸ ಮಾಡುವ ಕನ್ನಡಕದ ಅಂಗಡಿ ಹತ್ತಿರವೇ ಇದೆ. ಅಂಗಡಿಯಲ್ಲಿ ಅವಳಿಗೆ ನಾನೂ ಒಬ್ಬ ಗಿರಾಕಿಯೇ. ಭೂತಗನ್ನಡಿಯಲ್ಲಿ ನೋಡಿ, "ಯಾರು ಸರ್ ಇದನ್ನ ತಿರುಗಿಸಿದ್ದು?" ಎಂದಳು.

"ನಾನೇ."

"ಎಷ್ಟು ತಿರುಗಿಸಿದ್ರಿ?"

"ಬಿಗಿಯಾಗೋವರೆಗೆ. ಆಮೇಲೆ ಇನ್ನೊಂದು ಕಾಲು..."

ಪೂರ್ತಿ ಹೇಳಲು ಬಿಡಲಿಲ್ಲ. "ಗಾಜು ಕಬ್ಬಿಣ ಅಲ್ಲ ರೀ. ಅದನ್ನ ಹಿಡ್ಕೋಬೇಕು, ಹಿಸುಕಬಾರದು. ಹಿಸುಕಿದ್ರೆ ಒಂದೋ ಒಡೆಯುತ್ತೆ, ಇಲ್ಲಾ ಸೊಟ್ಟಗಾಗುತ್ತೆ" ಎಂದಳು.

ಹಿಡಿಕೆ ಮೂರು. ಮೂಲೆ ಮೂರು.

ಅಲ್ಲಿಂದ ಹೇಗೆ ಬಂದೆನೋ ಗೊತ್ತಿಲ್ಲ. ಕನ್ನಡಕವಿಲ್ಲದೆ ಬಸ್ಸಿನ ನಂಬರು ಕಾಣದೆ ಇಬ್ಬರನ್ನು ಕೇಳಿ ಹತ್ತಿದೆ. ಮೂರು ಗಂಟೆಗೆ ತಾರಸಿಯಲ್ಲಿದ್ದೆ. ಗುಂಡು ಎದುರಿನ ಟ್ಯಾಂಕಿನ ಮೇಲೆ ಹೊಳೆಯುತ್ತಿತ್ತು. ನನ್ನ ಕೆಂಪು ಗೆರೆಗಳನ್ನು ನಾನೇ ಮುರಿದೆ. ಹಿಡಿಕೆಗೂ ಗಾಜಿಗೂ ನಡುವೆ ಒಂದು ಹಾಳೆ ಸಲೀಸಾಗಿ ಜಾರುವಷ್ಟು ಮೂರು ಸ್ಕ್ರೂಗಳನ್ನೂ ಸಡಿಲ ಮಾಡಿದೆ. ಕಣ್ಣಿಟ್ಟೆ. ಕನ್ನಡಕ ಇಲ್ಲದಿದ್ದರೂ ಅಡ್ಡಿಯಿಲ್ಲ, ಟೆಲಿಸ್ಕೋಪಿನ ಫೋಕಸ್ಸನ್ನೇ ತಿರುಗಿಸಿಕೊಂಡರಾಯಿತು.

ಗುಂಡಗಿತ್ತು. ಪೆನ್ನಿನಲ್ಲಿ ಚುಕ್ಕೆಯಿಟ್ಟ ಹಾಗೆ ಗುಂಡಗಿತ್ತು. ಅಷ್ಟು ಚೊಕ್ಕವಾದ ಕನ್ನಡಿಯನ್ನು ನಾನು ಮೂರು ಕಡೆಯಿಂದ ಕತ್ತು ಹಿಸುಕಿ, ಉಸಿರು ಕಟ್ಟುತ್ತಿದೆ ಎಂದು ಅದರ ಮೇಲೇ ದೂರು ಹೇಳಿದ್ದೆ. ಗೆರೆ ಅಲ್ಲಾಡಿಲ್ಲ, ಗೆರೆ ಅಲ್ಲಾಡಿಲ್ಲ ಎಂದು ಐದಾರು ಸಲ ನೋಡಿದೆನಲ್ಲ, ಅಲ್ಲಾಡದಿದ್ದುದೇ ರೋಗ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಎಂಟು ಅಂಗುಲದ್ದು ಬೇಕಾಯಿತು.

ಮಾವನಿಗೆ ಹೇಳಬೇಕು. ನಾಳೆ ಹೇಳುತ್ತೇನೆ.

ಫೆಬ್ರವರಿ 18, ಬುಧವಾರ

ಸಂಜೆ ಚಿತ್ರ ತೆಗೆದೆ. ಕೃತ್ತಿಕೆ ಮುತ್ತು ಚೆಲ್ಲಿದ ಹಾಗೆ ಬಂದಿದೆ. ಮಾವನ ಮುಂದೆ ಹಿಡಿದೆ. ಎಲ್ಲ ಹೇಳಬೇಕೆಂದೇ ಬಾಯಿ ತೆರೆದಿದ್ದು. ಬಾಯಿಂದ ಬಂದಿದ್ದು ಮಾತ್ರ, "ಚಳಿ ಕಡಿಮೆಯಾಯ್ತಲ್ಲ, ಹವೆ ಸರಿಹೋಯ್ತು ಅಂತ ಕಾಣುತ್ತೆ."

ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು. "ಹವೆ ನೋಡ್ಕೊಂಡು ಮೂಲೆ ಬರೋದು, ಹೋಗೋದು ಗಾಜಿಗೆ ಗೊತ್ತಿಲ್ಲ ಅಳಿಯಂದ್ರೇ. ನನ್ನ ಸಮಾಧಾನಕ್ಕೆ ಬೇರೆ ಯಾರದೋ ಚಿತ್ರ ತಂದಿದ್ದೀರಿ." ಎಡಗೈಯಿಂದ ನನ್ನ ಭುಜ ತಟ್ಟಿದರು. "ಒಳ್ಳೆ ಮನಸ್ಸು ನಿಮ್ದು. ಭಾನುವಾರ ಉಜ್ಜೋಣ ಬಿಡಿ."

ಬೈದಿದ್ದರೆ ವಾಸಿಯಿತ್ತು. ಕನ್ನಡಿ ಕೂರಿಸಿದವನ ಕೈಯಲ್ಲಿ ತಪ್ಪಿರಬಹುದು ಎಂದು ಆ ಮನುಷ್ಯನಿಗೆ ಒಂದು ಸಲವೂ ಹೊಳೆದಿಲ್ಲ. ನನಗೆ ಮೊದಲು ಹೊಳೆದಿದ್ದೇ ಅವರ ಕೈ.

ಫೆಬ್ರವರಿ 19, ಗುರುವಾರ

ಹೇಳಲಿಲ್ಲ.

ಫೆಬ್ರವರಿ 20, ಶುಕ್ರವಾರ

ಇವತ್ತೂ ಹೇಳಲಿಲ್ಲ. ಉಜ್ಜುವ ಪುಡಿಯ ಡಬ್ಬ ಬಂದಿದೆ. ಮಾವ ಅದನ್ನು ಎಡಗೈಯಲ್ಲಿ ಒಡೆಯಲು ಹೋಗಿ ಅರ್ಧ ಪುಡಿ ಚೆಲ್ಲಿದರು. ನಾನು ಗುಡಿಸಿದೆ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ‘ತಪ್ಪು ನನ್ನದು’ ಎಂದು ಹೇಳುವ ಪ್ರಸಂಗ ಬಂದಿಲ್ಲ. ಅಭ್ಯಾಸ ತಪ್ಪಿದೆ ಅನ್ನುವ ಹಾಗೂ ಇಲ್ಲ, ಅಭ್ಯಾಸವೇ ಇಲ್ಲ.

ಫೆಬ್ರವರಿ 22, ಭಾನುವಾರ

ಬೆಳಿಗ್ಗೆ ಎಂಟಕ್ಕೇ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಆಸಿಡ್ಡಿನ ಬಾಟಲಿ, ಹಳೇ ಬಟ್ಟೆ ಸಿದ್ಧವಾಗಿದ್ದವು. ಟೆಲಿಸ್ಕೋಪನ್ನು ಕೆಳಗಿಳಿಸಿ ತರಲು ನನಗೆ ಹೇಳಿ, ಮಾವ ರಬ್ಬರಿನ ಕೈಗವಸು ಹಾಕಿಕೊಳ್ಳುತ್ತಿದ್ದರು. ಎಡಗೈಗೆ ಹೋಯಿತು. ಬಲಗೈಯ ಬೆರಳುಗಳು ನಡುಗಿ ಎರಡು ಬೆರಳು ಒಂದೇ ಗೂಡಿಗೆ ಹೋಗುತ್ತಿದ್ದವು.

"ಸ್ವಲ್ಪ ಎಳೀರಿ ಅಳಿಯಂದ್ರೇ" ಎಂದು ಕೈ ಮುಂದೆ ಮಾಡಿದರು.

ಹಿಡಿದುಕೊಂಡೆ. ಕೈಗವಸನ್ನು ಎಳೆಯುವ ಬದಲು ತೆಗೆದುಬಿಟ್ಟೆ.

"ಮಾವ, ತಪ್ಪು ನನ್ನದು. ಕನ್ನಡಿಯ ಹಿಡಿಕೆಗಳನ್ನ ನಾನು ಬಿಗಿದಿದ್ದು ಜಾಸ್ತಿಯಾಗಿತ್ತು. ಅದಕ್ಕೇ ಮೂರು ಮೂಲೆ. ಮಂಗಳವಾರ ಸಡಿಲ ಮಾಡಿದೆ. ಆ ಚಿತ್ರ ನಮ್ಮ ಕನ್ನಡೀದೇ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಮಂಗಳವಾರ?" ಎಂದರು. ಆಮೇಲೆ ಅವರ ದನಿ ಏರಿದ ರೀತಿಗೆ ಎದುರು ಕಟ್ಟಡದ ಕಿಟಕಿಯೊಂದು ತೆರೆಯಿತು. "ಮೂರು ವಾರ ನನ್ನ ಕೈನ ನಾನೇ ಬೈಕೊಂಡೆ ಕಣೋ! ಕಳ್ಳನ ಹಾಗೆ ಜೇಬಲ್ಲಿಟ್ಕೊಂಡು ತಿರುಗಿದೆ! ಗೊತ್ತಾದ ಮೇಲೂ ಐದು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯೇನೋ ನೀನು?"

ಒಂಬತ್ತು ತಿಂಗಳಲ್ಲಿ ಮೊದಲ ಸಲ ಏಕವಚನ. ಹೂಂ ಎಂದೆ.

"ನಡಿ, ತೋರಿಸು" ಎಂದು ನನಗಿಂತ ಮೊದಲೇ ಮೆಟ್ಟಿಲು ಹತ್ತಿದರು. ಸ್ಕ್ರೂಡ್ರೈವರ್ ನನ್ನ ಕೈಯಿಂದ ಕಿತ್ತುಕೊಂಡು, ನಡುಗುವ ಬಲಗೈಯಿಂದಲೇ ತಡಕಾಡಿ ಮೂರು ಸ್ಕ್ರೂ ಬಿಗಿದರು. ಕಣ್ಣಿಟ್ಟು ಎದುರಿನ ಬೇರಿಂಗ್ ಗುಂಡು ನೋಡಿದರು. ಮೂರು ಮೂಲೆ. ಸಡಿಲ ಮಾಡಿದರು. ಗುಂಡಗೆ. ಮತ್ತೆ ಬಿಗಿದರು, ಮತ್ತೆ ಬಿಟ್ಟರು. ನಾಲ್ಕನೇ ಸಲಕ್ಕೆ ನಗು ಶುರುವಾಯಿತು. ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದರು. ಇವಳು ಗಾಬರಿಯಿಂದ ಓಡಿ ಬಂದವಳು ವಿಷಯ ಕೇಳಿ ನನ್ನ ಮುಖ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೂ ತಡೆಯಲಾಗಲಿಲ್ಲ.

ಕೊನೆಗೆ ಕಣ್ಣೊರೆಸಿಕೊಂಡು, "ಹಾಗಾದ್ರೆ ನನ್ನ ಕೈ ಸರಿ ಇತ್ತು ಅನ್ನು" ಎಂದರು.

"ಸರಿ ಇತ್ತು ಮಾವ. ಕನ್ನಡಿ ತುಂಬಾ ಚೆನ್ನಾಗಿದೆ."

"ಇನ್ನೊಂದು ಸಲ ಅನ್ನು."

ಮೂರು ಸಲ ಅನ್ನಿಸಿದರು. ಸಂಘದ ಗುಂಪಿಗೂ ಬರೆದು ಹಾಕಿದೆ, ಯಾರ ಕನ್ನಡಿ, ಯಾರ ತಪ್ಪು, ಎರಡನ್ನೂ. ಟೀಚರಮ್ಮ ಫೋನು ಮಾಡಿ ‘ಯಾರೋ ಒಬ್ಬ ಮುದುಕ’ನನ್ನು ಕೇಳಿ ಮುಕ್ಕಾಲು ಗಂಟೆ ಮಾತಾಡಿದರು. ಮಾವ ಫೋನನ್ನು ಬಲಗೈಯಲ್ಲೇ ಹಿಡಿದಿದ್ದರು. ಅದು ಕಿವಿಯ ಹತ್ತಿರ ನಡುಗುತ್ತಲೇ ಇತ್ತು.

ಫೆಬ್ರವರಿ 23, ಸೋಮವಾರ

ಬೆಳಿಗ್ಗೆ ಕೆಲಸಕ್ಕೆ ಹೊರಟಾಗ, ನಾನೂ ಒಂದು ಸುತ್ತು ಅಡ್ಡಾಡಿ ಬರುತ್ತೇನೆಂದು ಮಾವ ಲಿಫ್ಟಿನೊಳಗೆ ಬಂದರು. ಮೂರನೇ ಮಹಡಿಯಲ್ಲಿ ವಕೀಲರು ಹತ್ತಿದರು. ಬಾಗಿಲು ಮುಚ್ಚುವಷ್ಟರಲ್ಲಿ ಶುರುವಾಯಿತು.

"ನಮ್ಮ ಅಳಿಯ ಇದ್ದಾನಲ್ಲ, ಇವನು ನಕ್ಷತ್ರಕ್ಕೆ ಮೂಲೆ ಮಾಡಿದ ಕತೆ ಗೊತ್ತಾ ನಿಮಗೆ?" ಬಲಗೈ ಎತ್ತಿ ಗಾಳಿಯಲ್ಲಿ ಸ್ಕ್ರೂ ತಿರುಗಿಸಿ ತೋರಿಸಿದರು. "ಆಯ್ತಾ? ಇನ್ನೂ ಆಗಿಲ್ಲ. ಇನ್ನೊಂದು ಕಾಲು ಸುತ್ತು!"

ವಕೀಲರು ಬ್ಯಾಗು ಕೆಳಗಿಟ್ಟು ನಕ್ಕರು. "ಈ ಲಿಫ್ಟನ್ನೂ ನೀವೇ ಬಿಗಿದಿದ್ದಾ ಸ್ವಾಮಿ?" ಎಂದು ನನ್ನನ್ನು ಕೇಳಿದರು.

ಹೌದು, ಇದನ್ನು ಬಿಗಿಯಲೇಬೇಕು, ಇಲ್ಲದಿದ್ದರೆ ನಾವು ಮೂವರೂ ಈಗ ಚಪ್ಪಟೆ ಎಂದೆ. ಅದಕ್ಕೂ ನಕ್ಕರು. ಕೆಳಗೆ ಬಾಗಿಲು ತೆರೆದಾಗ ಕಾವಲುಗಾರ ಏನು ಸಮಾಚಾರ ಎಂದು ಬಂದ. ಅವನಿಗೂ ಮೊದಲಿಂದ ಹೇಳಿದರು, ಬೇರಿಂಗ್ ಗುಂಡು ಸಮೇತ. ಕನ್ನಡಕ ಒಡೆದ ಭಾಗ ಬಿಟ್ಟುಹೋಗಿತ್ತು, ನಾನು ಸೇರಿಸಿದೆ.

ಎಲ್ಲರೂ ಹೋದರು. ಮಾವ ಮಾತ್ರ ಲಿಫ್ಟಿನಿಂದ ಇಳಿಯಲಿಲ್ಲ.

"ನಾಲ್ಕನೇ ಮಹಡಿ ಹಲ್ಲಿನ ಡಾಕ್ಟ್ರಮ್ಮಂಗೆ ಇನ್ನೂ ಹೇಳಿಲ್ಲ ಕಣೋ. ಒಂಬತ್ತಕ್ಕೆ ಹೊರಟುಬಿಡ್ತಾರೆ" ಎಂದರು.

ಗಂಟೆ ಎಂಟೂ ಐವತ್ತು. ನನಗೆ ಆಗಲೇ ತಡವಾಗಿತ್ತು. ಒಳಗೆ ಬಂದು ನಾಲ್ಕರ ಗುಂಡಿಯನ್ನು ನಾನೇ ಒತ್ತಿದೆ.